ರ‍್ಯಾಕ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಚಪ್ಪಲಿ ಹಾಕಿಕೊಂಡರೆ ಸಾಕೇ?

ಪ್ರಶ್ನೆ: ನಾನು ಶಿರಸಿ ಕಡೆಯ ಹಳ್ಳಿಗಳಿಗೆ ಫೈಬರ್ ಇಂಟರ್ನೆಟ್ ಕೊಡುವ ಕೆಲಸ ಮಾಡುತ್ತೇನೆ. ನಮ್ಮ ರ‍್ಯಾಕ್ ಸೊಸೈಟಿ ಕಟ್ಟಡದ ಮಹಡಿ ಮೇಲಿನ ಕೋಣೆಯಲ್ಲಿದೆ. ಆ ಲೋಹದ ಚೌಕಟ್ಟಿನಲ್ಲಿ ಒಂದು ಓಎಲ್‌ಟಿ (ಗ್ರಾಹಕರ ಫೈಬರ್‌ಗಳೆಲ್ಲ ಬಂದು ಸೇರುವ ಉಪಕರಣ), ಎರಡು ನೆಟ್‌ವರ್ಕ್ ಸ್ವಿಚ್, ಒಂದು ರೂಟರ್, ಒಂದು ಸರ್ವರ್, ಜೊತೆಗೆ ಯುಪಿಎಸ್ ಇವೆ. ಬರಿಗಾಲಿನಲ್ಲಿ ನಿಂತು ರ‍್ಯಾಕ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ನಮ್ಮ ಹಿರಿಯ ಟೆಕ್ನಿಷಿಯನ್ ‘ಈ ಮೆಷಿನ್‌ಗಳೆಲ್ಲ ಹಾಗೆಯೇ, ಚಪ್ಪಲಿ ಹಾಕಿಕೋ’ ಎನ್ನುತ್ತಾರೆ. ಊರಿನ ಎಲೆಕ್ಟ್ರಿಷಿಯನ್ ಸಾಕೆಟ್‌ನಲ್ಲೇ ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದು ತುಂಡು ವೈರ್ ಹಾಕಿಕೊಡುವುದಾಗಿ ಹೇಳುತ್ತಿದ್ದಾರೆ. ಇದಲ್ಲದೆ ಎದುರಿನ ಶಾಲೆಗೆ ಎಳೆದ ನೆಟ್‌ವರ್ಕ್ ಕೇಬಲ್‌ನ ಪೋರ್ಟ್ ಪ್ರತಿ ವರ್ಷ ಗುಡುಗಿನ ಕಾಲದಲ್ಲಿ ಸುಡುತ್ತದೆ. ಏನು ಮಾಡಬೇಕು? ರ‍್ಯಾಕ್‌ನಲ್ಲಿ ಕೆಲಸ ಮಾಡುವ ಮೊದಲು ಏನೇನು ನೋಡಿಕೊಳ್ಳಬೇಕು?

ಉತ್ತರ: ಚಪ್ಪಲಿ ಹಾಕಿಕೊಂಡರೆ ಜುಮ್ಮೆನ್ನುವುದು ನಿಲ್ಲುತ್ತದೆ, ನಿಜ. ಆದರೆ ರ‍್ಯಾಕ್‌ಗೆ ಬಂದಿರುವ ವೋಲ್ಟೇಜ್ ಅಲ್ಲೇ ಇರುತ್ತದೆ. ಅದು ನಿಮಗೆ ಗೊತ್ತಾಗುವುದು ಮಾತ್ರ ನಿಲ್ಲುತ್ತದೆ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಆ ಕೋಣೆಯ ಸಾಕೆಟ್‌ಗೆ ಅರ್ತಿಂಗ್ ಬಂದಿಲ್ಲ, ಅಥವಾ ಹೆಸರಿಗೆ ಮಾತ್ರ ಬಂದಿದೆ. ಉಳಿದೆಲ್ಲಕ್ಕಿಂತ ಮೊದಲು ಸರಿಯಾಗಬೇಕಾದದ್ದು ಅದು. ಎಲೆಕ್ಟ್ರಿಷಿಯನ್ ಹೇಳಿದ ತುಂಡು ವೈರನ್ನು ಮಾತ್ರ ಯಾವ ಕಾರಣಕ್ಕೂ ಹಾಕಿಸಬೇಡಿ. ಏಕೆ ಎಂದು ಮುಂದೆ ವಿವರಿಸುತ್ತೇನೆ.

ಈ ಜುಮ್ಮೆನ್ನುವ ಕರೆಂಟ್ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡರೆ ಉಳಿದದ್ದು ಸುಲಭವಾಗುತ್ತದೆ. ಲೋಹದ ಬಾಡಿ ಇರುವ ನೆಟ್‌ವರ್ಕ್ ಸ್ವಿಚ್, ಸರ್ವರ್, ಓಎಲ್‌ಟಿಗಳ ಪವರ್ ಸಪ್ಲೈ ಒಳಗೆ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಎಂದು ಎರಡು ಸಣ್ಣ ಕೆಪ್ಯಾಸಿಟರ್‌ಗಳನ್ನು ಬೇಕೆಂದೇ ಹಾಕಿರುತ್ತಾರೆ. ಪವರ್ ಸಪ್ಲೈ ಹುಟ್ಟಿಸುವ ವಿದ್ಯುತ್ ಗದ್ದಲವನ್ನು ಅರ್ತ್‌ಗೆ ಇಳಿಸುವುದು ಅವುಗಳ ಕೆಲಸ. ಅರ್ತಿಂಗ್ ಸರಿ ಇದ್ದರೆ ಆ ಸಣ್ಣ ಸೋರಿಕೆ ಸದ್ದಿಲ್ಲದೆ ನೆಲಕ್ಕೆ ಹೋಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಎರಡು ಕೆಪ್ಯಾಸಿಟರ್‌ಗಳ ನಡುವೆ ಸಿಕ್ಕಿಬಿದ್ದ ಬಾಡಿ 230 ವೋಲ್ಟ್‌ನ ಅರ್ಧದಷ್ಟು, ಎಂದರೆ 115 ವೋಲ್ಟ್ ಸುಮಾರಿಗೆ ಬಂದು ನಿಲ್ಲುತ್ತದೆ. ನಿಮ್ಮ ಟೆಸ್ಟರ್ ಮಂಕಾಗಿ ಉರಿಯುವುದು ಇದಕ್ಕೇ.

ಪ್ರತಿ ಉಪಕರಣದ ಸೋರಿಕೆ ಬಹಳ ಸಣ್ಣದು. 4.7 ನ್ಯಾನೋಫ್ಯಾರಡ್‌ನ ಕೆಪ್ಯಾಸಿಟರ್ ಇದ್ದರೆ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಹರಿಯುವುದು ಸುಮಾರು 0.34 ಮಿಲಿಆಂಪಿಯರ್. ಮನುಷ್ಯನಿಗೆ ಕರೆಂಟ್‌ನ ಅನುಭವವಾಗುವುದು ಅರ್ಧದಿಂದ ಒಂದು ಮಿಲಿಆಂಪಿಯರ್ ಹೊತ್ತಿಗೆ. ಒಂದೇ ಉಪಕರಣವಿದ್ದಿದ್ದರೆ ನಿಮಗೆ ತಿಳಿಯುತ್ತಲೇ ಇರಲಿಲ್ಲವೇನೋ. ಆದರೆ ಒಂದೇ ರ‍್ಯಾಕ್‌ಗೆ ತಿರುಪು ಹಾಕಿ ಕೂರಿಸಿದ ಎಲ್ಲ ಉಪಕರಣಗಳ ಸೋರಿಕೆಯೂ ಒಟ್ಟುಗೂಡುತ್ತದೆ. ಐದು ಸೇರಿದರೆ ಒಂದೂವರೆ ಮಿಲಿಆಂಪಿಯರ್ ದಾಟುತ್ತದೆ. ಇನ್ನೂ ದೊಡ್ಡ ಉಪಕರಣಗಳಿಗೆ 3.5 ಮಿಲಿಆಂಪಿಯರ್‌ವರೆಗೆ ಸೋರಲು ಮಾನದಂಡವೇ ಅವಕಾಶ ಕೊಟ್ಟಿದೆ, ಅರ್ತಿಂಗ್ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ. ಹತ್ತು ಮಿಲಿಆಂಪಿಯರ್ ಆಸುಪಾಸಿನಲ್ಲಿ ಸ್ನಾಯು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. ಮೂವತ್ತು ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯದ ಲಯವೇ ತಪ್ಪಬಹುದು. ರ‍್ಯಾಕ್ ತುಂಬುತ್ತಾ ಹೋದಂತೆ ನೀವು ಯಾವ ಕಡೆ ಸಾಗುತ್ತಿದ್ದೀರಿ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ನಿಮ್ಮ ಹಿರಿಯರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಇಂದಿನ ಜುಮ್ಮೆನ್ನುವಿಕೆ ತಾನಾಗಿ ಪ್ರಾಣ ತೆಗೆಯುವಷ್ಟು ದೊಡ್ಡದಲ್ಲ. ಆದರೆ ನಾಳೆ ಆ ಐದರಲ್ಲಿ ಯಾವುದೋ ಒಂದರ ಒಳಗೆ ಇನ್ಸುಲೇಷನ್ ಸುಟ್ಟು ಫೇಸ್ ನೇರವಾಗಿ ಬಾಡಿಗೆ ತಗುಲಿದರೆ, ಆಗ ಕರೆಂಟನ್ನು ತಡೆಹಿಡಿಯಲು ಕೆಪ್ಯಾಸಿಟರ್ ನಡುವೆ ಇರುವುದಿಲ್ಲ. ಇಡೀ ರ‍್ಯಾಕ್ 230 ವೋಲ್ಟ್‌ಗೆ ಏರುತ್ತದೆ. ಅರ್ತ್ ಇಲ್ಲದ್ದರಿಂದ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಬೀಳುವುದಿಲ್ಲ, ದೀಪಗಳು ಮಿನುಗುತ್ತಲೇ ಇರುತ್ತವೆ, ಇಂಟರ್ನೆಟ್ ಕೂಡ ಓಡುತ್ತಲೇ ಇರುತ್ತದೆ. ಬೆವರಿದ ಕೈಯಿಂದ ಮುಟ್ಟಿದವರ ಮೈಯ ರೋಧ ಸಾವಿರ ಓಮ್ ಎಂದುಕೊಂಡರೂ 230 ಮಿಲಿಆಂಪಿಯರ್ ಹರಿಯುತ್ತದೆ. ಈಗಿನ ಜುಮ್ಮೆನ್ನುವಿಕೆ ಆ ದಿನಕ್ಕೆ ಮೊದಲೇ ಸಿಕ್ಕಿರುವ ಎಚ್ಚರಿಕೆ. ಏಣಿಯ ಮೇಲೆ ನಿಂತವರಿಗಂತೂ ಸಣ್ಣ ಶಾಕ್ ಕೂಡ ಸಾಕು. ಕೈ ಹಠಾತ್ತನೆ ಹಿಂದಕ್ಕೆ ಹೋಗುತ್ತದೆ, ಮನುಷ್ಯ ಕೆಳಗೆ ಬೀಳುತ್ತಾನೆ.

ಈಗ ಅಳತೆ. ಒಂದು ಒಳ್ಳೆಯ ಮಲ್ಟಿಮೀಟರ್ ತೆಗೆದುಕೊಳ್ಳಿ. ಅದರ ಪ್ರೋಬ್‌ಗಳ ಇನ್ಸುಲೇಷನ್ ಎಲ್ಲೂ ಒಡೆದಿರಬಾರದು. ಎಸಿ ವೋಲ್ಟೇಜ್‌ಗೆ ತಿರುಗಿಸಿ. ಕೆಂಪು ಪ್ರೋಬ್ ಕರೆಂಟ್ ಅಳೆಯುವ ತೂತಿನಲ್ಲಿ ಸಿಕ್ಕಿಕೊಂಡಿಲ್ಲ ಎಂದು ಎರಡು ಸಲ ನೋಡಿ, ಏಕೆಂದರೆ ಆ ತೂತಿನಲ್ಲಿಟ್ಟು ಸಾಕೆಟ್‌ಗೆ ಚುಚ್ಚಿದರೆ ಕೈಯಲ್ಲೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ರ‍್ಯಾಕ್‌ನ ಉಪಕರಣಗಳೆಲ್ಲ ಓಡುತ್ತಿರುವಾಗಲೇ, ಅದೇ ಬೋರ್ಡ್‌ನಲ್ಲಿ ಖಾಲಿ ಇರುವ ಸಾಕೆಟ್‌ನಲ್ಲಿ ಅಳೆಯಿರಿ. ಎದುರು ನಿಂತು ನೋಡಿದಾಗ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು. ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು ತೋರಿಸಬೇಕು. ಫೇಸ್‌ನಿಂದ ಅರ್ತ್‌ಗೂ ಸರಿಸುಮಾರು ಅಷ್ಟೇ ಬರಬೇಕು. ನ್ಯೂಟ್ರಲ್‌ನಿಂದ ಅರ್ತ್‌ಗೆ ಎರಡು ಮೂರು ವೋಲ್ಟ್ ಮೀರಬಾರದು. ನಿಮ್ಮಲ್ಲಿ ಈ ಮೂರನೆಯ ಅಂಕಿ ನೂರರ ಹತ್ತಿರ ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ತೇಲುತ್ತಿರುವ ಅರ್ತ್ ವೈರನ್ನು ರ‍್ಯಾಕ್‌ನ ಉಪಕರಣಗಳೇ ಮೇಲಕ್ಕೆತ್ತಿ ಹಿಡಿದಿವೆ ಎಂದು ಅದರ ಅರ್ಥ. ಎಡ ಬಲ ಅದಲುಬದಲಾಗಿದ್ದರೆ ಅದನ್ನೂ ಸರಿಪಡಿಸಬೇಕು. ಹಾಗೆ ಬದಲಾಗಿದ್ದಾಗ ಗೋಡೆಯ ಸ್ವಿಚ್ ಬಹುಶಃ ನ್ಯೂಟ್ರಲನ್ನು ಕಡಿಯುತ್ತಿರುತ್ತದೆ, ಫೇಸ್ ಮಾತ್ರ ಉಪಕರಣದ ಒಳಗೆ ಹಾಗೆಯೇ ಕಾಯುತ್ತಿರುತ್ತದೆ.

ಮೂರು ಅಂಕಿಗಳೂ ಸರಿಯಾಗಿ ಬಂದವು ಎಂದ ಮಾತ್ರಕ್ಕೆ ಅರ್ತಿಂಗ್ ಗಟ್ಟಿಯಾಗಿದೆ ಎಂದುಕೊಳ್ಳಬೇಡಿ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ತುಕ್ಕು ಹಿಡಿದು ಒಂದೆಳೆಯಲ್ಲಿ ನೇತಾಡುವ ಅರ್ತ್ ವೈರ್ ಕೂಡ ಅದಕ್ಕೆ ಪೂರ್ತಿ 230 ತೋರಿಸುತ್ತದೆ. ದೋಷ ಬಂದಾಗ ಹತ್ತಾರು ಆಂಪಿಯರ್ ಹೊರುವ ಶಕ್ತಿ ಅದಕ್ಕಿದೆಯೇ ಎಂದು ತಿಳಿಯಲು ಲೂಪ್ ಟೆಸ್ಟರ್, ಅರ್ತ್ ಟೆಸ್ಟರ್ ಇರುವ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಬರಬೇಕು. ಕಟ್ಟಡದ ವೈರಿಂಗ್‌ಗೆ ಕೈ ಹಾಕುವ ಕೆಲಸವೂ ಅವರದೇ. ನಿಮ್ಮ ಕೆಲಸದ ಗಡಿ ಸಾಕೆಟ್‌ಗೆ ಮುಗಿಯುತ್ತದೆ.

ಮಹಡಿಯ ಕೋಣೆಗಳಲ್ಲಿ ನಾನು ಹೆಚ್ಚಾಗಿ ಕಾಣುವ ದೋಷವೆಂದರೆ ಕೆಳಗಿನ ಮೀಟರ್ ಬೋರ್ಡ್‌ವರೆಗೆ ಅರ್ತ್ ವೈರ್ ಬಂದಿರುತ್ತದೆ, ಮೇಲಕ್ಕೆ ಎಳೆಯುವಾಗ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೇ ಎಳೆದಿರುತ್ತಾರೆ. ಸಾಕೆಟ್ ಮೂರು ತೂತಿನದೇ, ಮೂರನೆಯ ತೂತಿನ ಹಿಂದೆ ಮಾತ್ರ ಏನೂ ಇರುವುದಿಲ್ಲ. ಇನ್ನು ಕೆಲವು ಕಡೆ ಅರ್ತ್ ಪೈಪ್ ಹೂತಿರುವ ಗುಂಡಿಯ ಬಳಿ ಜಿಐ (ಸತು ಲೇಪಿಸಿದ ಕಬ್ಬಿಣದ) ವೈರ್ ತುಕ್ಕು ಹಿಡಿದು ಕಡಿದುಹೋಗಿರುತ್ತದೆ. ನಿಮ್ಮ ಭಾಗದ ಜಂಬಿಟ್ಟಿಗೆ ಮಣ್ಣು ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಡುವುದಿಲ್ಲ, ಅದರಲ್ಲೂ ಮಾರ್ಚ್‌ನಿಂದ ಮೇ ತನಕ ಒಣಗಿರುವಾಗ. ಮಳೆಗಾಲದಲ್ಲಿ ‘ಈಗ ಸರಿಹೋಯಿತು’ ಎನಿಸಿ ಬೇಸಿಗೆಯಲ್ಲಿ ಮತ್ತೆ ಜುಮ್ಮೆಂದರೆ ಗುಂಡಿಯ ಕಡೆ ನೋಡಿ. ಅರ್ತಿಂಗ್‌ನ ಭಾರತೀಯ ಮಾನದಂಡ ಐಎಸ್ 3043. ಅದರ ಪ್ರಕಾರ ಜಿಐ ಪೈಪ್ ಎರಡೂವರೆ ಮೀಟರ್‌ಗಿಂತ ಗಿಡ್ಡವಾಗಿರಬಾರದು, ಒಳವ್ಯಾಸ 38 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಮೂರಡಿ ರಾಡ್ ಬಡಿದು ಹೋದವರ ಕೆಲಸವನ್ನು ಒಪ್ಪಿಕೊಳ್ಳಬೇಡಿ.

ಈಗ ಆ ತುಂಡು ವೈರ್ ವಿಷಯ. ಸಾಕೆಟ್‌ನಲ್ಲಿ ನ್ಯೂಟ್ರಲನ್ನು ಅರ್ತ್ ತೂತಿಗೆ ಜೋಡಿಸಿದ ಕೂಡಲೇ ಜುಮ್ಮೆನ್ನುವುದು ನಿಲ್ಲುತ್ತದೆ, ಟೆಸ್ಟರ್ ಆರುತ್ತದೆ, ಮೀಟರ್‌ನಲ್ಲೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಇದು ಇಷ್ಟು ಅಪಾಯಕಾರಿ. ಮುಂದೊಂದು ದಿನ ಮೀಟರ್ ಬಳಿಯೋ ಕಂಬದಲ್ಲೋ ನ್ಯೂಟ್ರಲ್‌ನ ಜೋಡಣೆ ಸಡಿಲವಾಗಿ ಕಳಚುತ್ತದೆ. ಗಾಳಿಮಳೆಗೆ ಕೊಂಬೆ ಬಿದ್ದಾಗ ಮಲೆನಾಡಿನಲ್ಲಿ ಇದು ಅಪರೂಪವೇನಲ್ಲ. ಆ ಕ್ಷಣದಲ್ಲಿ ಫೇಸ್‌ನಿಂದ ಹೊರಟ ಕರೆಂಟ್ ಯುಪಿಎಸ್‌ನೊಳಗೆ ಹಾದು ನ್ಯೂಟ್ರಲ್‌ಗೆ ಬರುತ್ತದೆ, ಅಲ್ಲಿಂದ ನಿಮ್ಮ ತುಂಡು ವೈರ್ ಮೂಲಕ ಅರ್ತ್ ಪಿನ್‌ಗೆ, ಪಿನ್‌ನಿಂದ ರ‍್ಯಾಕ್‌ನ ಬಾಡಿಗೆ. ಹೊರಗಿನ ನ್ಯೂಟ್ರಲ್ ದಾರಿ ಕಡಿದಿರುವುದರಿಂದ ಅದು ಕಾಯುವುದು ನೆಲಕ್ಕೆ ಇಳಿಯಲು ಸಿಗುವ ಇನ್ನೊಂದು ದಾರಿಯನ್ನು. ಯಾರಾದರೂ ರ‍್ಯಾಕ್ ಮುಟ್ಟಿದರೆ ಆ ದಾರಿ ಸಿಕ್ಕಿತು. ಕಂಬದ ಮೇಲೆ ಲೈನ್ ಸರಿಪಡಿಸುವಾಗ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೆ ಇನ್ನೂ ನೇರ. ಬಾಡಿಯೇ ಫೇಸ್ ಆಗಿಬಿಡುತ್ತದೆ.

‘ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲನ್ನು ಅರ್ತ್ ಮಾಡಿಯೇ ಇರುತ್ತಾರಲ್ಲ’ ಎಂದು ಎಲೆಕ್ಟ್ರಿಷಿಯನ್ ವಾದಿಸಬಹುದು. ಮಾಡಿರುತ್ತಾರೆ, ಅಲ್ಲಿ ಮಾಡಲೇಬೇಕು. ಅಲ್ಲಿ ಅದಕ್ಕೆಂದೇ ತೋಡಿದ ಗುಂಡಿಗಳಿವೆ, ದಪ್ಪ ಪಟ್ಟಿಗಳಿವೆ. ಅಲ್ಲಿಂದ ನಿಮ್ಮ ಸಾಕೆಟ್‌ವರೆಗಿನ ಉದ್ದಕ್ಕೂ ನ್ಯೂಟ್ರಲ್ ಎಲ್ಲಿ ಬೇಕಾದರೂ ಕಡಿಯಬಹುದು, ಹಾಗಾಗಿಯೇ ಅರ್ತ್‌ಗೆ ಬೇರೆ ವೈರ್ ಇರಬೇಕು.

ಕಂಪ್ಯೂಟರ್‌ಗೆಂದೇ ‘ಪ್ರತ್ಯೇಕ ಗುಂಡಿ’ ತೋಡಿಸಿ ಅದನ್ನು ಕಟ್ಟಡದ ಅರ್ತ್‌ಗೆ ಸೇರಿಸದೆ ಬಿಡುವ ಪದ್ಧತಿಯೂ ಇದೆ. ಲೆಕ್ಕ ಹಾಕಿ ನೋಡಿ. ಆ ಗುಂಡಿಯ ರೋಧ 20 ಓಮ್ ಇದ್ದು ಫೇಸ್ ಬಾಡಿಗೆ ತಗುಲಿದರೆ ಹೆಚ್ಚೆಂದರೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಇದು ಮಾಮೂಲಿ ಲೋಡ್. ಅದು ಬೀಳುವುದಿಲ್ಲ, ರ‍್ಯಾಕ್‌ನ ಮೇಲೆ ಮಾರಕ ವೋಲ್ಟೇಜ್ ಉಳಿದೇ ಇರುತ್ತದೆ. ಹೊಸ ಗುಂಡಿ ಬೇಕಿದ್ದರೆ ತೋಡಿಸಿ, ಆದರೆ ಅದನ್ನು ಕಟ್ಟಡದ ಅರ್ತ್ ಜೊತೆ ದಪ್ಪ ತಾಮ್ರದ ವೈರಿನಿಂದ ಸೇರಿಸಲೇಬೇಕು. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಬೇಕು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಹೋದ ಕರೆಂಟ್ ಅಷ್ಟೇ ವಾಪಸ್ ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಅದರ ಮೇಲಿನ ಟೆಸ್ಟ್ ಬಟನ್ ಅನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದರೂ ಬೀಳದಿದ್ದರೆ ಅದು ಸತ್ತಿದೆ ಎಂದು ಬದಲಿಸಿ. ಒಂದು ಮಾತು ನೆನಪಿರಲಿ: ಯುಪಿಎಸ್ ಬ್ಯಾಟರಿಯ ಮೇಲೆ ಓಡುತ್ತಿರುವಾಗ ಅದರ ಹಿಂದಿರುವ ಆರ್‌ಸಿಸಿಬಿ ಯುಪಿಎಸ್‌ನಿಂದಾಚೆಗಿನ ವೈರ್‌ಗಳನ್ನು ಕಾಯುವುದಿಲ್ಲ.

ಸಾಕೆಟ್ ಸರಿಹೋದ ಮೇಲೆ ರ‍್ಯಾಕ್‌ಗೆ ಬನ್ನಿ. ಪವರ್ ಕಾರ್ಡ್‌ನ ಅರ್ತ್ ಮಾತ್ರ ಸಾಲದು, ರ‍್ಯಾಕ್‌ನ ಚೌಕಟ್ಟಿಗೇ 6 ಚದರ ಮಿಲಿಮೀಟರ್‌ನ ಹಸಿರು-ಹಳದಿ ತಾಮ್ರದ ವೈರ್ ಬರಬೇಕು. ತಿರುಪು ಕೂರುವ ಜಾಗದಲ್ಲಿ ಬಣ್ಣವನ್ನು ಕೆರೆದು ಲೋಹ ಕಾಣುವಂತೆ ಮಾಡಿ, ಹಲ್ಲಿನ ವಾಷರ್ ಇಟ್ಟು ಬಿಗಿಯಿರಿ. ಪೌಡರ್ ಕೋಟಿಂಗ್ ಒಳ್ಳೆಯ ಇನ್ಸುಲೇಟರ್. ಅದರ ಮೇಲೆ ಬಿಗಿದ ಅರ್ತ್ ನೋಡಲು ಚೆಂದ, ಕೆಲಸಕ್ಕಿಲ್ಲ. ಓಎಲ್‌ಟಿ ಮತ್ತು ಸ್ವಿಚ್‌ಗಳ ಹಿಂಭಾಗದಲ್ಲಿ ಅರ್ತ್ ಗುರುತಿನ ತಿರುಪು ಇರುತ್ತದೆ, ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಅದಕ್ಕೂ ವೈರ್ ಕೊಡಿ. ಹೊಸ ಉಪಕರಣ ಕೂರಿಸುವಾಗ ಈ ವೈರನ್ನು ಎಲ್ಲಕ್ಕಿಂತ ಮೊದಲು ಜೋಡಿಸಿ, ಬಿಚ್ಚುವಾಗ ಎಲ್ಲಕ್ಕಿಂತ ಕೊನೆಗೆ ತೆಗೆಯಿರಿ. ಮೂರು ಪಿನ್ ಪ್ಲಗ್‌ನಲ್ಲಿ ಅರ್ತ್ ಪಿನ್ ಉಳಿದೆರಡಕ್ಕಿಂತ ಉದ್ದವಾಗಿರುವುದೂ ಇದೇ ಕಾರಣಕ್ಕೆ. ಆ ಪಿನ್ ಮುರಿದು ಎರಡು ತೂತಿನ ಸಾಕೆಟ್‌ಗೆ ಸಿಕ್ಕಿಸುವವರಿದ್ದರೆ ಅಂಥವರ ಕೈಯಿಂದ ಕಾರ್ಡನ್ನು ಕಿತ್ತುಕೊಳ್ಳಿ.

ವೈರ್‌ಗಳ ಬಣ್ಣವನ್ನು ನಂಬುವಾಗ ಒಂದು ಎಚ್ಚರ ಬೇಕು. ಉಪಕರಣದ ಜೊತೆ ಬರುವ ಕಾರ್ಡ್‌ನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಆದರೆ ನಮ್ಮ ಕಟ್ಟಡಗಳ ಮೂರು ಫೇಸ್ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಕಾರ್ಡ್‌ನಲ್ಲಿ ನಿರುಪದ್ರವಿ ಎನಿಸಿದ ನೀಲಿ ಗೋಡೆಯೊಳಗೆ 230 ವೋಲ್ಟ್ ಹೊತ್ತಿರಬಹುದು.

ಇನ್ನು ಕೆಲಸಕ್ಕೆ ಮೊದಲು ನೋಡಿಕೊಳ್ಳಬೇಕಾದದ್ದು. ನೆಟ್‌ವರ್ಕ್ ಕೋಣೆಯಲ್ಲಿ ‘ಆಫ್ ಮಾಡಿದ್ದೇನೆ’ ಎಂಬ ಮಾತಿಗೆ ಬೆಲೆ ಕಡಿಮೆ, ಏಕೆಂದರೆ ಅಲ್ಲಿ ಕರೆಂಟ್ ಬರುವ ದಾರಿಗಳು ಹಲವು. ಮೇನ್ ಇಳಿಸಿದರೂ ಯುಪಿಎಸ್ ತನ್ನ ಬ್ಯಾಟರಿಯಿಂದ ಅದೇ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಸೊಸೈಟಿಯ ಇನ್ವರ್ಟರ್‌ನಿಂದ ನಿಮ್ಮ ಕೋಣೆಗೆ ಲೈನ್ ಇದ್ದರೆ ಊರಿಗೆಲ್ಲ ಕರೆಂಟ್ ಹೋಗಿದ್ದರೂ ಸಾಕೆಟ್ ಜೀವಂತವಾಗಿರುತ್ತದೆ. ‘ಕರೆಂಟ್ ಇಲ್ಲ, ಈಗಲೇ ಮಾಡಿಬಿಡೋಣ’ ಎಂದು ಕೈ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಓಎಲ್‌ಟಿಗಳಲ್ಲಿ ಬಹಳಷ್ಟಕ್ಕೆ ಎರಡು ಪವರ್ ಸಪ್ಲೈ ಇರುತ್ತವೆ, ಒಂದಕ್ಕೆ 230 ವೋಲ್ಟ್ ಎಸಿ, ಇನ್ನೊಂದಕ್ಕೆ 48 ವೋಲ್ಟ್ ಡಿಸಿ ಕೊಟ್ಟಿರುವುದೂ ಉಂಟು. ಒಂದು ಕಾರ್ಡ್ ಎಳೆದರೆ ಇನ್ನೊಂದು ಸದ್ದಿಲ್ಲದೆ ಹೊರೆ ಹೊರುತ್ತದೆ. ಎರಡೂ ಹೊರಗೆ ಬಂದಿರಬೇಕು.

ಪ್ಲಗ್ ಕಿತ್ತು ಅದರ ತುದಿ ನಿಮ್ಮ ಕಣ್ಣೆದುರಿಗೆ ಕಾಣುವಂತೆ ಇಟ್ಟುಕೊಳ್ಳಿ. ಕೀಳಲಾಗದ ಲೈನ್ ಆದರೆ ಎಂಸಿಬಿ ಇಳಿಸಿ ಬೋರ್ಡ್‌ಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ‘ಕೆಲಸ ನಡೆಯುತ್ತಿದೆ, ಹಾಕಬೇಡಿ’ ಎಂದು ದೊಡ್ಡದಾಗಿ ಕನ್ನಡದಲ್ಲಿ ಬರೆದು ತೂಗುಹಾಕಿ. ಕೆಳಗಿನ ಕೋಣೆಯಲ್ಲಿ ಫ್ಯಾನ್ ನಿಂತಿತೆಂದು ಯಾರೋ ಬಂದು ಎಂಸಿಬಿ ಎತ್ತುವುದು ಅವರ ತಪ್ಪಲ್ಲ, ಅವರಿಗೆ ನೀವು ಹೇಳಿರುವುದಿಲ್ಲ. ಆಮೇಲೆ ಅಳೆಯಿರಿ. ಕ್ರಮ ಹೀಗಿರಲಿ: ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಸಾಕೆಟ್‌ನಲ್ಲಿ ಮೀಟರ್ ಸರಿಯಾಗಿದೆಯೇ ನೋಡಿ, ನಂತರ ನೀವು ಮುಟ್ಟಬೇಕಾದ ಕಡೆ ಅಳೆದು ಸೊನ್ನೆ ಬಂದದ್ದನ್ನು ನೋಡಿ, ಮತ್ತೆ ಮೊದಲಿನ ಸಾಕೆಟ್‌ಗೆ ಹೋಗಿ ಮೀಟರ್ ನಡುವೆ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಈ ಕೆಲಸಕ್ಕೆ ಕಿಸೆಯ ಟೆಸ್ಟರ್ ಸಾಲದು. ಅದರ ಸಣ್ಣ ದೀಪ ಉರಿಯುವುದು ನಿಮ್ಮ ಮೈ ಮೂಲಕ ನೆಲಕ್ಕೆ ಹೋಗುವ ಕರೆಂಟ್‌ನಿಂದ. ಒಣ ಮರದ ಏಣಿಯ ಮೇಲೆ ದಪ್ಪ ಚಪ್ಪಲಿ ಹಾಕಿ ನಿಂತಿದ್ದರೆ, ಅಥವಾ ಬಿಸಿಲು ಜೋರಾಗಿದ್ದರೆ, ಕರೆಂಟ್ ಇದ್ದರೂ ಬೆಳಕು ಕಾಣಿಸದೆ ಹೋಗಬಹುದು.

ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ 325 ವೋಲ್ಟ್ ಸುಮಾರಿಗೆ ಏರುತ್ತದೆ, ದೊಡ್ಡ ಸಪ್ಲೈಗಳಲ್ಲಿ 400ರ ಹತ್ತಿರ. ಅದನ್ನು ಹಿಡಿದಿಟ್ಟ ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ತುಂಬಿರುತ್ತದೆ. ಒಳಗಿನ ಡಿಸ್‌ಚಾರ್ಜ್ ರೆಸಿಸ್ಟರ್ ಸುಟ್ಟಿದ್ದರೆ ಬಹಳ ಹೊತ್ತು. ಕೆಟ್ಟದ್ದನ್ನು ತೆಗೆದು ಹೊಸದು ಹಾಕುವುದೇ ನಿಮ್ಮ ಮಟ್ಟದ ದುರಸ್ತಿ.

ಬ್ಯಾಟರಿಯನ್ನು ಎಲ್ಲರೂ ಹಗುರವಾಗಿ ಕಾಣುತ್ತಾರೆ, ‘ಹನ್ನೆರಡು ವೋಲ್ಟ್ ತಾನೆ’ ಎಂದು. ಶಾಕ್ ಹೊಡೆಯದಿರಬಹುದು. ಆದರೆ ಅದರ ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು, ದೊಡ್ಡ ಬ್ಯಾಟರಿಯಾದರೆ ಸಾವಿರಾರು ಆಂಪಿಯರ್ ಹರಿದು ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಆ ಜಾಗದಲ್ಲಿ ಉಂಗುರ ಸಿಕ್ಕಿಕೊಂಡರೆ ಬೆರಳು ಉಳಿಯುವುದು ಕಷ್ಟ. ಉಂಗುರ, ಕಡಗ, ಲೋಹದ ಪಟ್ಟಿಯ ಗಡಿಯಾರ ಎಲ್ಲವನ್ನೂ ತೆಗೆದಿಟ್ಟು ಕೆಲಸ ಮಾಡಿ. ಸ್ಪ್ಯಾನರ್‌ನ ಹಿಡಿಕೆಗೆ ಇನ್ಸುಲೇಷನ್ ಇರಲಿ. ಆನ್‌ಲೈನ್ ಯುಪಿಎಸ್‌ಗಳಲ್ಲಿ (ಸದಾ ಇನ್ವರ್ಟರ್ ಮೂಲಕವೇ ಕರೆಂಟ್ ಕೊಡುವ ಬಗೆ) ಹದಿನಾರು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುವುದುಂಟು. ಅಲ್ಲಿ ಒಟ್ಟು 192 ವೋಲ್ಟ್ ಡಿಸಿ ಇರುತ್ತದೆ, ಅದು ಶಾಕ್ ಹೊಡೆಯುತ್ತದೆ, ಕೊಲ್ಲಲೂಬಹುದು. ಟೆಲಿಕಾಂನ 48 ವೋಲ್ಟ್ ಸಪ್ಲೈಯಲ್ಲಿ ಅರ್ತ್ ಆಗಿರುವುದು ಪಾಸಿಟಿವ್ ತುದಿ. ವಾಹನದ ಬ್ಯಾಟರಿಯ ಅಭ್ಯಾಸದಲ್ಲಿ ನೆಗೆಟಿವ್ ಮುಟ್ಟಿದರೆ ಏನಾಗದು ಎಂದುಕೊಳ್ಳಬೇಡಿ. ನೀರು ಹಾಕುವ ಬ್ಯಾಟರಿ ಇದ್ದರೆ ಕೋಣೆಯ ಕಿಟಕಿ ತೆರೆದಿರಲಿ, ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ.

ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳುಹಿಸುವ ಪಿಒಇ ಬಗ್ಗೆ ಹಲವರಿಗೆ ಭಯವಿದೆ. ಅಷ್ಟು ಭಯ ಬೇಡ. ಮಾನದಂಡದಂತೆ ಮಾಡಿದ ಪಿಒಇ 44ರಿಂದ 57 ವೋಲ್ಟ್ ಡಿಸಿ ಕೊಡುತ್ತದೆ, ಅದೂ ಇನ್ನೊಂದು ತುದಿಯ ಉಪಕರಣದಲ್ಲಿ ಗುರುತಿಗೆಂದು ಇಟ್ಟ 25 ಕಿಲೋಓಮ್ ರೋಧ ಸಿಕ್ಕಿದ ಮೇಲೆ ಮಾತ್ರ. ಒಣ ಕೈಗೆ ಅದರಿಂದ ಅಪಾಯವಿಲ್ಲ. ಅಪಾಯ ಇರುವುದು ಗುರುತು ಕೇಳದೆ ಸದಾ ಕರೆಂಟ್ ತಳ್ಳುವ ಅಗ್ಗದ ಇಂಜೆಕ್ಟರ್‌ಗಳಲ್ಲಿ (ನೆಟ್‌ವರ್ಕ್ ಕೇಬಲ್‌ಗೆ ಕರೆಂಟ್ ಸೇರಿಸುವ ಅಡಾಪ್ಟರ್). ಅದರ ಕೇಬಲನ್ನು ತಪ್ಪಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಪೋರ್ಟ್ ಹೋಗುತ್ತದೆ. ಕಳಪೆ ಅಡಾಪ್ಟರ್‌ನಲ್ಲಿ 230 ವೋಲ್ಟ್ ಭಾಗಕ್ಕೂ ಕೇಬಲ್ ಭಾಗಕ್ಕೂ ನಡುವಿನ ಇನ್ಸುಲೇಷನ್ ಸೋತರೆ ಗ್ರಾಹಕರ ಮನೆಯ ಮಾಳಿಗೆಯ ಮೇಲಿನ ರೇಡಿಯೊಗೇ ಫೇಸ್ ಬರಬಹುದು. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿ ಗುರುತು ಇಲ್ಲದ ಅಡಾಪ್ಟರ್ ಕೊಳ್ಳಬೇಡಿ. ಕೇಬಲ್ ಕೊಳ್ಳುವಾಗ ಒಂದೆಳೆಯನ್ನು ಬ್ಲೇಡ್‌ನಿಂದ ಕೆರೆದು ನೋಡಿ. ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಪಿಒಇ ಹೊರೆ ಬಿದ್ದಾಗ ಅದು ಹೆಚ್ಚು ಬಿಸಿಯಾಗುತ್ತದೆ, ಬಗ್ಗಿಸಿದರೆ ಬೇಗ ಮುರಿಯುತ್ತದೆ.

ಶಾಲೆಯ ಕೇಬಲ್ ಪ್ರತಿ ವರ್ಷ ಸುಡುವುದಕ್ಕೆ ಕಾರಣವನ್ನು ಎರಡು ಕಟ್ಟಡಗಳ ನೆಲದಲ್ಲಿ ಹುಡುಕಬೇಕು. ಹತ್ತಿರದಲ್ಲಿ ಸಿಡಿಲು ಬಡಿದಾಗ ಆ ಕರೆಂಟ್ ಮಣ್ಣಿನಲ್ಲಿ ಹರಡುತ್ತದೆ. ಆಗ ಸೊಸೈಟಿಯ ಅರ್ತ್‌ಗೂ ಶಾಲೆಯ ಅರ್ತ್‌ಗೂ ನಡುವೆ ಕ್ಷಣಮಾತ್ರ ಸಾವಿರಾರು ವೋಲ್ಟ್‌ಗಳ ವ್ಯತ್ಯಾಸ ಹುಟ್ಟುತ್ತದೆ. ಎರಡನ್ನೂ ಜೋಡಿಸಿರುವ ತಾಮ್ರದ ಕೇಬಲ್ ಆ ವ್ಯತ್ಯಾಸವನ್ನು ನೇರವಾಗಿ ಪೋರ್ಟ್‌ಗೆ ತರುತ್ತದೆ. ಪೋರ್ಟ್‌ನೊಳಗಿನ ಸಣ್ಣ ಟ್ರಾನ್ಸ್‌ಫಾರ್ಮರ್ ಪರೀಕ್ಷೆಯಲ್ಲಿ ತಾಳಿಕೊಂಡಿರುವುದು 1500 ವೋಲ್ಟ್. ಸಿಡಿಲು ತಲೆಯ ಮೇಲೆಯೇ ಬೀಳಬೇಕೆಂದಿಲ್ಲ. ಅದೇ ಹೊತ್ತಿಗೆ ಕೇಬಲ್ ಹಿಡಿದು ನಿಂತವರಿಗೂ ಅದೇ ವ್ಯತ್ಯಾಸ ತಗಲುತ್ತದೆ ಎಂಬುದು ಪೋರ್ಟ್‌ಗಿಂತ ದೊಡ್ಡ ಚಿಂತೆ.

ಇದಕ್ಕೆ ಒಂದೇ ಗಟ್ಟಿ ಪರಿಹಾರ, ಆ ತಾಮ್ರವನ್ನು ಕಿತ್ತು ಫೈಬರ್ ಎಳೆಯುವುದು. ನೀವು ಫೈಬರ್ ಕೆಲಸದವರೇ ಆಗಿರುವುದರಿಂದ ಎರಡು ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ತಾಮ್ರದ ಕೇಬಲ್‌ನ ಸಂಕೇತಕ್ಕೆ ಬದಲಿಸುವ ಡಬ್ಬಿ) ಬಿಟ್ಟರೆ ಹೆಚ್ಚು ಖರ್ಚಿಲ್ಲ. ಆದರೆ ಡ್ರಾಪ್ ಕೇಬಲ್‌ನ (ಕಟ್ಟಡಕ್ಕೆ ಎಳೆಯುವ ತೆಳು ಫೈಬರ್ ಕೇಬಲ್) ಪಕ್ಕದಲ್ಲಿ ಹೊರೆ ಹೊರಲು ಉಕ್ಕಿನ ತಂತಿ ಇರುತ್ತದೆ. ಅದನ್ನು ರ‍್ಯಾಕ್‌ವರೆಗೆ ತಂದರೆ ತಾಮ್ರ ಕಿತ್ತದ್ದು ವ್ಯರ್ಥ. ಗೋಡೆಯ ಹೊರಗೇ ಅದನ್ನು ಕತ್ತರಿಸಿ ಬೇರೆ ಮಾಡಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತನ್ನಿ. ಉಕ್ಕಿನ ಬದಲು ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರುವ ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು. ಸರ್ಜ್ ಪ್ರೊಟೆಕ್ಟರ್ (ಹಠಾತ್ ಏರಿದ ವೋಲ್ಟೇಜನ್ನು ಅರ್ತ್‌ಗೆ ಇಳಿಸುವ ಸಾಧನ) ಹಾಕುವುದಾದರೆ ಅದರ ಅರ್ತ್ ವೈರ್ ಅರ್ಧ ಮೀಟರ್ ಮೀರದಿರಲಿ. ಸಿಡಿಲಿನ ವೇಗದ ಕರೆಂಟ್‌ಗೆ ಒಂದು ಮೀಟರ್ ನೇರ ವೈರ್ ಕೂಡ ಸಾವಿರ ವೋಲ್ಟ್‌ನಷ್ಟು ತಡೆ ಒಡ್ಡುತ್ತದೆ, ಸುರುಳಿ ಸುತ್ತಿಟ್ಟರೆ ಇನ್ನೂ ಹೆಚ್ಚು. ಗುಡುಗು ಕೇಳಿಸಿದರೆ ಕೇಬಲ್ ಕೆಲಸ ನಿಲ್ಲಿಸಿ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಮುಟ್ಟಬೇಡಿ, ಗ್ರಾಹಕರು ಎಷ್ಟು ಸಲ ಫೋನ್ ಮಾಡಿದರೂ.

ನೀವು ಕೇಳಿಲ್ಲ, ಆದರೂ ಕಂಬದ ವಿಷಯ ಹೇಳದೆ ಬಿಡಲಾರೆ. ಹೆಸ್ಕಾಂ ಇರಲಿ ಬೆಸ್ಕಾಂ ಇರಲಿ, ಅನುಮತಿಯಿಲ್ಲದೆ ವಿದ್ಯುತ್ ಕಂಬಕ್ಕೆ ಕೇಬಲ್ ಕಟ್ಟುವುದು ಕಾನೂನಿನ ಪ್ರಶ್ನೆ ಮಾತ್ರವಲ್ಲ. ತುದಿಗೆ ಕಲ್ಲು ಕಟ್ಟಿ ಹಗ್ಗವನ್ನೋ ಕೇಬಲನ್ನೋ ಲೈನ್‌ನ ಮೇಲಿಂದ ಎಸೆದು ದಾಟಿಸುವುದನ್ನು ನಮ್ಮ ಹುಡುಗರು ಚಾಕಚಕ್ಯತೆ ಎಂದುಕೊಂಡಿದ್ದಾರೆ. ನೆನೆದ ಹಗ್ಗ, ಉಕ್ಕಿನ ತಂತಿಯ ಕೇಬಲ್ ಎರಡೂ 11 ಕಿಲೋವೋಲ್ಟ್ ಲೈನನ್ನು ಕೈಗೆ ತಂದುಕೊಡುತ್ತವೆ. ಅಲ್ಲಿ ಚಪ್ಪಲಿ, ಕೈಗವಸು ಯಾವುದೂ ನಿಲ್ಲುವುದಿಲ್ಲ. ಗಾಳಿಗೆ ನಿಮ್ಮ ಕೇಬಲ್ ಹರಿದು ವಿದ್ಯುತ್ ತಂತಿಯ ಜೊತೆ ಬಿದ್ದಿದ್ದರೆ ಅದನ್ನು ಎಳೆಯಬೇಡಿ, ಜನರನ್ನು ದೂರ ನಿಲ್ಲಿಸಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಲೈನ್ ಹತ್ತಿರ ಅಲ್ಯೂಮಿನಿಯಂ ಏಣಿ ಒಯ್ಯಬೇಡಿ.

ಬಿಡಿಭಾಗ ಮುಟ್ಟುವಾಗ ಹಾಕುವ ಆ್ಯಂಟಿ ಸ್ಟ್ಯಾಟಿಕ್ ಮಣಿಕಟ್ಟಿನ ಪಟ್ಟಿಯೊಳಗೆ ಒಂದು ಮೆಗಾಓಮ್ ರೆಸಿಸ್ಟರ್ ಇರುತ್ತದೆ, ನಿಮ್ಮನ್ನು ಕಾಯಲೆಂದೇ. ಪಟ್ಟಿ ಇಲ್ಲವೆಂದು ಮಣಿಕಟ್ಟಿಗೆ ಬರಿ ವೈರ್ ಸುತ್ತಿ ಅರ್ತ್‌ಗೆ ಕಟ್ಟಿಕೊಳ್ಳುವುದು ಶಾಕ್‌ಗೆ ನೀವೇ ದಾರಿ ಮಾಡಿಕೊಟ್ಟಂತೆ. ಕರೆಂಟ್ ಇರುವ ಪವರ್ ಭಾಗದ ಹತ್ತಿರ ಆ ಪಟ್ಟಿಯನ್ನೂ ಬಿಚ್ಚಿಡಿ.

ಒಬ್ಬರೇ ಹೋಗಿ ಈ ಕೆಲಸ ಮಾಡಬೇಡಿ. ಜೊತೆಗಿರುವವರಿಗೆ ಮೇನ್ ಎಲ್ಲಿದೆ, ಯುಪಿಎಸ್ ಹೇಗೆ ನಿಲ್ಲಿಸುವುದು ಎಂದು ಮೊದಲೇ ತೋರಿಸಿ. ಯಾರಿಗಾದರೂ ಕರೆಂಟ್ ಹಿಡಿದುಕೊಂಡರೆ ಅವರನ್ನು ಮುಟ್ಟದೆ ಮೇನನ್ನೂ ಯುಪಿಎಸ್‌ನ ಹೊರಹರಿವನ್ನೂ ನಿಲ್ಲಿಸಬೇಕು, ಆಗದಿದ್ದರೆ ಒಣ ಮರದ ಕೋಲಿನಿಂದ ಬೇರ್ಪಡಿಸಬೇಕು. 108ಕ್ಕೆ ಕರೆ ಮಾಡಿಸಿ. ಪ್ರತಿಕ್ರಿಯೆ ಇಲ್ಲದೆ, ಉಸಿರೂ ಸರಿಯಾಗಿ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ, ಆಂಬ್ಯುಲೆನ್ಸ್ ಬರುವವರೆಗೆ. ಎದ್ದು ಕುಳಿತು ‘ಏನೂ ಆಗಿಲ್ಲ’ ಎಂದರೂ ಇಸಿಜಿ ಮಾಡಿಸಿ. ರ‍್ಯಾಕ್‌ನಲ್ಲಿ ಬೆಂಕಿ ಕಂಡರೆ ನೀರು ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಾಗಿಲ ಬಳಿ ಇರಲಿ.

ಈ ವಾರ ನೀವು ಮಾಡಬೇಕಾದದ್ದು ಸಾಕೆಟ್ ಅಳೆದು ಮೂರೂ ಅಂಕಿಗಳನ್ನು ಬರೆದು, ಅದರ ಫೋಟೊ ಸಮೇತ ಸೊಸೈಟಿಯ ಕಾರ್ಯದರ್ಶಿಯವರಿಗೆ ಲಿಖಿತವಾಗಿ ಕೊಡುವುದು. ಅದೇ ವೈರಿಂಗ್‌ನಲ್ಲಿ ಅವರ ಕಂಪ್ಯೂಟರ್‌ಗಳೂ ನೀರಿನ ಪಂಪ್ ಕೂಡ ಓಡುತ್ತಿರಬಹುದು, ಹಾಗಾಗಿ ಇದು ನಿಮ್ಮೊಬ್ಬರ ತೊಂದರೆಯಲ್ಲ ಎಂದು ವಿವರಿಸಿ. ಮಹಡಿಗೆ ಅರ್ತ್ ವೈರ್ ಎಳೆಸುವುದು, ಗುಂಡಿಯ ಪರೀಕ್ಷೆ, ಆರ್‌ಸಿಸಿಬಿ ಈ ಮೂರೂ ಒಂದೇ ದಿನದಲ್ಲಿ ಮುಗಿಯಬಹುದಾದ ಕೆಲಸ, ಹೊಸ ಗುಂಡಿ ಬೇಕಾದರೆ ಮಾತ್ರ ಇನ್ನೂ ಒಂದೆರಡು ದಿನ. ಖರ್ಚನ್ನು ಹಂಚಿಕೊಳ್ಳುವುದಾಗಿ ನೀವೇ ಮುಂದಾಗಿ ಹೇಳಿ. ಅವರು ಒಪ್ಪದಿದ್ದರೆ ಅರ್ತಿಂಗ್ ಇರುವ ಬೇರೆ ಕೋಣೆ ಹುಡುಕಿ ರ‍್ಯಾಕ್ ಸ್ಥಳಾಂತರಿಸಿ. ಅಲ್ಲಿಯವರೆಗೆ ಎಲ್ಲ ಪ್ಲಗ್ ಕಿತ್ತು ಯುಪಿಎಸ್ ನಿಲ್ಲಿಸದೆ ಆ ರ‍್ಯಾಕ್‌ಗೆ ಯಾರೂ ಕೈ ಹಾಕಬಾರದು, ನಿಮ್ಮ ಹಿರಿಯ ಟೆಕ್ನಿಷಿಯನ್ ಕೂಡ.